ನಾಯಿ ಕುಂಯ್‌ಗುಟ್ಟುವುದು ಯಾಕೆ, ಏನು ಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಾಯಿ ಸಾಕಿದವರು ಮಾತಿಗೆ ಸಿಕ್ಕಾಗ, ಪತ್ರ ಬರೆದಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಹೆಚ್ಚಿನವರು "ಇದನ್ನ ಸುಮ್ನಿರಿಸೋದು ಹೇಗೆ" ಎಂದು ಶುರು ಮಾಡುತ್ತಾರೆ. ನಾಯಿಗೆ ಏನಾಗಿದೆ ಎಂದು ತಿಳಿಯುವುದೇ ಮೊದಲ ಕೆಲಸ ಎಂದು ನಾನು ನಂಬಿದ್ದೇನೆ. ಉತ್ತರಗಳೂ ಅದೇ ದಾರಿಯಲ್ಲಿವೆ.

## ಮೊದಲು ತಿಳಿಯಬೇಕಾದದ್ದು

ನಾಯಿ ಕುಂಯ್‌ಗುಟ್ಟೋದು ಅಂದ್ರೆ ಅಳ್ತಾ ಇದೆ ಅಂತಾನಾ?

ಯಾವಾಗಲೂ ಅಲ್ಲ. ಇದು ನಾಯಿಯ ಬಾಯಿಂದ ಬರುವ ಮೊಟ್ಟಮೊದಲ ದನಿಗಳಲ್ಲಿ ಒಂದು. ಹುಟ್ಟಿದ ಮರಿಗೆ ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ. ಕಣ್ಣು ಬಿಡಲು ಸುಮಾರು 10ರಿಂದ 14 ದಿನ ಬೇಕು, ಕಿವಿ ತೆರೆಯಲು ಇನ್ನೂ ಸ್ವಲ್ಪ ದಿನ. ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳುವ ಶಕ್ತಿಯೂ ಅದಕ್ಕಿರುವುದಿಲ್ಲ. ತಾಯಿಯ ಮಗ್ಗುಲಿನಿಂದ ಸ್ವಲ್ಪ ದೂರ ಉರುಳಿದರೂ ತಣ್ಣಗಾಗುತ್ತದೆ. ಆಗ ಅದು ಈ ಸಣ್ಣ ದನಿ ತೆಗೆಯುತ್ತದೆ, ತಾಯಿ ಹತ್ತಿರ ಬರುತ್ತದೆ.

ದೊಡ್ಡದಾದ ಮೇಲೂ ಆ ದನಿ ಉಳಿಯುತ್ತದೆ. ಕೇಳಿಸಿಕೊಳ್ಳುವವರು ಮಾತ್ರ ಬದಲಾಗುತ್ತಾರೆ. ತಾಯಿಯ ಜಾಗದಲ್ಲಿ ನೀವಿರುತ್ತೀರಿ. ಆಸೆ, ಭಯ, ಬೇಜಾರು, ಸಂಭ್ರಮ, ನೋವು, ನಿಮ್ಮ ಸಿಟ್ಟನ್ನು ತಣಿಸುವ ಪ್ರಯತ್ನ, ಎಲ್ಲಕ್ಕೂ ಹೆಚ್ಚುಕಮ್ಮಿ ಒಂದೇ ದನಿ. ಹಾಗಾಗಿ ದನಿಯೊಂದನ್ನೇ ಕೇಳಿ ಅರ್ಥ ಮಾಡಿಕೊಳ್ಳಲು ಹೋದರೆ ಎಡವುವುದು ಸಹಜ.

ಯಾಕೆ ಅಂತಾನೇ ಗೊತ್ತಾಗ್ತಿಲ್ಲ. ಹೇಗೆ ಪತ್ತೆ ಹಚ್ಚೋದು?

ಕಿವಿಗಿಂತ ಕಣ್ಣಿಗೆ ಜಾಸ್ತಿ ಕೆಲಸ ಕೊಡಿ. ಬಾಲ ಸಡಿಲವಾಗಿ ಆಡುತ್ತಾ ಸೊಂಟವೆಲ್ಲ ಬಳುಕುತ್ತಿದ್ದರೆ ಅದು ಸಂಭ್ರಮ. ಬಾಲ ಕಾಲ ಸಂದಿಗೆ ಸೇರಿ, ಕಿವಿ ಹಿಂದಕ್ಕೆ ಅಂಟಿ, ನಾಲಿಗೆ ಪದೇ ಪದೇ ಮೂಗು ಸವರುತ್ತಿದ್ದರೆ ಭಯ. ಕಣ್ಣು ನಿಮ್ಮ ಮೇಲೆ ಒಮ್ಮೆ, ಬಾಗಿಲಿನ ಮೇಲೆ ಒಮ್ಮೆ ಹೋಗಿ ಬರುತ್ತಿದ್ದರೆ ಏನೋ ಕೇಳುತ್ತಿದೆ. ಬೆನ್ನು ಗೂನು ಮಾಡಿಕೊಂಡು, ಮಲಗಲೂ ಆಗದೆ ನಿಲ್ಲಲೂ ಆಗದೆ ಒದ್ದಾಡುತ್ತಿದ್ದರೆ ಮೊದಲು ನೋವಿನ ಅನುಮಾನ ಬರಬೇಕು.

ಇಷ್ಟರಲ್ಲೂ ಗೊತ್ತಾಗದಿದ್ದರೆ ಒಂದು ವಾರ ಬರೆದಿಡಿ. ಎಷ್ಟು ಗಂಟೆಗೆ, ಎಲ್ಲಿ, ಸ್ವಲ್ಪ ಮುಂಚೆ ಏನಾಗಿತ್ತು, ಏನು ಸಿಕ್ಕಿದ ಮೇಲೆ ನಿಂತಿತು. ಕೊನೆಯದನ್ನು ಬರೆಯಲು ಮಾತ್ರ ಮರೆಯಬೇಡಿ. ಬಾಗಿಲು ತೆಗೆದ ತಕ್ಷಣ ನಿಂತರೆ ಹೊರಗೆ ಹೋಗಬೇಕಿತ್ತು. ನೀವು ತಿರುಗಿ ನೋಡಿದ ತಕ್ಷಣ ನಿಂತರೆ ನಿಮ್ಮ ಗಮನವೇ ಬೇಕಿತ್ತು. ಏನು ಕೊಟ್ಟರೂ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗುವ ಹೊತ್ತಾಗಿದೆ. "ಇಡೀ ದಿನ ಕುಂಯ್ ಕುಂಯ್ ಅಂತಿರುತ್ತೆ" ಎನ್ನುವವರೂ ಬರೆದು ನೋಡಿದಾಗ ಅದು ದಿನದ ಎರಡೋ ಮೂರೋ ಹೊತ್ತಿಗೆ ಸೇರಿಕೊಂಡಿರುವುದು ಕಾಣುತ್ತದೆ.

ಊಟ ಆಗಿದೆ, ನೀರಿದೆ, ಹೊರಗೂ ಹೋಗಿ ಬಂದಿದೆ. ಆದ್ರೂ ಗೋಡೆ ನೋಡ್ಕೊಂಡು ಕುಂಯ್ ಅನ್ನುತ್ತಲ್ಲ?

ಗೋಡೆಯ ಒಳಗೋ ಹಿಂದೆಯೋ ಏನಾದರೂ ಇರಬಹುದು. ಸದ್ದು ಎಷ್ಟು ಕೀರಲು ಎಂಬುದನ್ನು ಹರ್ಟ್ಸ್‌ನಲ್ಲಿ ಅಳೆಯುತ್ತಾರೆ. ನಮ್ಮ ಕಿವಿ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಸದ್ದು ಹಿಡಿಯುತ್ತದೆ. ನಾಯಿಯ ಕಿವಿ ಸುಮಾರು 45,000 ಹರ್ಟ್ಸ್‌ವರೆಗೆ ಹೋಗುತ್ತದೆ. ಇಲಿಗಳು ತಮ್ಮೊಳಗೆ ಆಡುವ ಎಷ್ಟೋ ಸದ್ದು ನಮಗೆ ಕೇಳುವುದೇ ಇಲ್ಲ, ನಾಯಿಗೆ ಕೇಳುತ್ತದೆ. ಕೆಲವು ಚಾರ್ಜರ್‌ಗಳಿಂದ ಬರುವ ಸಣ್ಣ ಕೀರಲು ಸದ್ದೂ ಅಷ್ಟೇ. ಆ ಜಾಗದ ಪ್ಲಗ್ ತೆಗೆದು ನೋಡಿ, ಇಲಿ ಹಿಕ್ಕೆ ಇದೆಯಾ ನೋಡಿ. ನಾಯಿಗೆ ವಯಸ್ಸಾಗಿದ್ದರೆ, ಗೋಡೆ ನೋಡುತ್ತಾ ನಿಲ್ಲುವುದಕ್ಕೆ ಬೇರೆ ಕಾರಣ ಇರಬಹುದು. ಅದನ್ನು ಕೆಳಗೆ ಬರೆದಿದ್ದೇನೆ. ತಲೆಯನ್ನು ಗೋಡೆಗೆ ಒತ್ತಿಕೊಂಡೇ ನಿಲ್ಲುತ್ತಿದ್ದರೆ ಮಾತ್ರ ಅದೇ ದಿನ ಡಾಕ್ಟರಿಗೆ ತೋರಿಸಿ. ಮೆದುಳಿಗೆ ತೊಂದರೆಯಾದಾಗ ಹಾಗೆ ಮಾಡುತ್ತವೆ.

ನಿದ್ದೆಯಲ್ಲಿ ಕುಂಯ್‌ಗುಟ್ಟುತ್ತೆ, ಕಾಲು ಅಲ್ಲಾಡಿಸುತ್ತೆ. ಎಬ್ಬಿಸಬೇಕಾ?

ಬೇಡ. ಕನಸಿನ ನಿದ್ದೆಯಲ್ಲಿ ಇದು ಮಾಮೂಲು. ಮೈ ಮುಟ್ಟಿ ಎಬ್ಬಿಸಿದರೆ ಗಾಬರಿಯಲ್ಲಿ ಕಚ್ಚಲೂಬಹುದು. ಎಬ್ಬಿಸಲೇಬೇಕಾದರೆ ದೂರದಿಂದ ಹೆಸರು ಹಿಡಿದು ಕರೆಯಿರಿ. ಮೈಯೆಲ್ಲ ಸೆಟೆದು, ಬಾಯಲ್ಲಿ ನೊರೆ ಬಂದು, ಕರೆದರೂ ಎಚ್ಚರವಾಗದೆ ಇದ್ದರೆ ಅದು ಕನಸಲ್ಲ, ಫಿಟ್ಸ್ ಇರಬಹುದು. ಫೋನಿನಲ್ಲಿ ವಿಡಿಯೊ ತೆಗೆದುಕೊಂಡು ಡಾಕ್ಟರಿಗೆ ತೋರಿಸಿ.

ಕೆಲವು ತಳಿಗಳು ಹುಟ್ಟಾ ಹೀಗೇನಾ?

ಹೌದು. ಜರ್ಮನ್ ಶೆಫರ್ಡ್, ಹಸ್ಕಿಗಳಿಗೆ ದನಿ ಜಾಸ್ತಿ. ಜನರ ಜೊತೆಗೂಡಿ ಕೆಲಸ ಮಾಡಲೆಂದು ಬೆಳೆಸಿದ ಎಷ್ಟೋ ತಳಿಗಳು ಸುಮ್ನೆ ಕೂತಿರಬೇಕಾಗಿ ಬಂದರೆ ಬೇಗ ಕುಂಯ್‌ಗುಟ್ಟುತ್ತವೆ. ಆದರೆ "ನಮ್ದು ಶೆಫರ್ಡ್, ಅದು ಹಾಗೇನೇ" ಎಂದು ಕೈಬಿಡಬೇಡಿ. ಶೆಫರ್ಡ್‌ಗೂ ಸೊಂಟ ನೋಯುತ್ತದೆ.

## ಮರಿಗಳ ಬಗ್ಗೆ

ಮರಿ ತಂದ ಮೊದಲ ರಾತ್ರಿ ಪೂರ್ತಿ ಕುಂಯ್‌ಗುಟ್ತು. ಹಾಗೇ ಬಿಟ್ರೆ ಅಭ್ಯಾಸ ಆಗುತ್ತೆ ಅಂತಾರೆ, ನಿಜಾನಾ?

ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ನಿನ್ನೆಯವರೆಗೆ ಅಣ್ಣ ತಮ್ಮ ಅಕ್ಕ ತಂಗಿಯರ ಗುಂಪಿನಲ್ಲಿ ಒಂದರ ಮೇಲೊಂದು ಬಿದ್ದು ಮಲಗುತ್ತಿದ್ದ ಎಂಟು ವಾರದ ಮರಿ ಅದು. ಇವತ್ತು ಕತ್ತಲು, ಹೊಸ ವಾಸನೆ, ತಣ್ಣನೆ ನೆಲ. ಕೂಗಿದರೂ ಯಾರೂ ಬರುವುದಿಲ್ಲ ಎಂದು ಮೊದಲ ರಾತ್ರಿಯೇ ಅದಕ್ಕೆ ಕಲಿಸಿ ಏನು ಲಾಭ? ಒಂಟಿಯಾಗಿರುವುದೇ ಭಯ ಎಂದು ಕಲಿತ ಮರಿಗೆ ಮುಂದೆ ಅದನ್ನು ಮರೆಸುವುದು ತಿಂಗಳುಗಟ್ಟಲೆ ಕೆಲಸ.

ಅದರ ಹಾಸಿಗೆ ಅಥವಾ ಕ್ರೇಟನ್ನು (ನಾಯಿ ಮಲಗುವ ಗೂಡು) ನಿಮ್ಮ ಮಂಚದ ಪಕ್ಕದಲ್ಲೇ ಇಡಿ, ಕೈ ಇಳಿಬಿಟ್ಟರೆ ಸಿಗುವಷ್ಟು ಹತ್ತಿರ. ತಾಯಿ ಮಲಗಿದ್ದ ಬಟ್ಟೆಯ ತುಂಡು ಸಿಕ್ಕರೆ ಕೇಳಿ ತನ್ನಿ. ಕುಂಯ್ ಅಂದಾಗ ಕೈ ಇಳಿಬಿಡಿ, ಮೂಸಲಿ. ಹೆಚ್ಚು ಮಾತು ಬೇಡ, ಆಟವಂತೂ ಬೇಡವೇ ಬೇಡ. ನಾಲ್ಕೈದು ರಾತ್ರಿ ಚೆನ್ನಾಗಿ ಮಲಗಿದ ಮೇಲೆ ಹಾಸಿಗೆಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಸರಿಸುತ್ತಾ ನಿಮಗೆ ಬೇಕಾದ ಜಾಗಕ್ಕೆ ಒಯ್ಯಬಹುದು.

ರಾತ್ರಿ ಎರಡು ಗಂಟೆಗೆ ಎದ್ದು ಕುಂಯ್ ಅನ್ನುತ್ತೆ. ಒಂದಕ್ಕೆ ಹೋಗೋಕಾ, ಆಟಕ್ಕಾ?

ಒಂದಕ್ಕೇ ಎಂದುಕೊಳ್ಳಿ. ತಿಂಗಳ ಲೆಕ್ಕಕ್ಕೆ ಒಂದು ಕೂಡಿಸಿದರೆ, ಮರಿ ಹಗಲಲ್ಲಿ ಹೆಚ್ಚೆಂದರೆ ಅಷ್ಟು ಗಂಟೆ ತಡೆದುಕೊಳ್ಳುತ್ತದೆ ಎಂಬುದು ಒಂದು ಅಂದಾಜು. ಎರಡು ತಿಂಗಳ ಮರಿಗೆ ಮೂರು ಗಂಟೆ. ನಿದ್ದೆಯಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಡೆಯುತ್ತದೆ, ಬೆಳಗಿನವರೆಗೆ ನಡೆಯುವುದಿಲ್ಲ. ದೀಪ ಹಾಕದೆ, ಮುದ್ದು ಮಾಡದೆ ಎತ್ತಿಕೊಂಡು ಹೋಗಿ, ಕೆಲಸ ಮುಗಿಸಿದ ಮೇಲೆ ಮೆಲ್ಲಗೆ "ಜಾಣ" ಎಂದು ವಾಪಸ್ ಮಲಗಿಸಿ. ಐದು ನಿಮಿಷ ನಿಂತರೂ ಏನೂ ಮಾಡದಿದ್ದರೆ ಅದಕ್ಕೆ ಸಂಗ ಬೇಕಿತ್ತು ಅಷ್ಟೇ. ಆಗಲೂ ಬೈಯಬೇಡಿ, ಸುಮ್ನೆ ಮಲಗಿಸಿ.

ಸಂಜೆ ಆಟ ಆಡಿಸಿದಷ್ಟೂ ಕುಂಯ್‌ಗುಟ್ಟುತ್ತೆ, ಕಚ್ಚುತ್ತೆ. ಇನ್ನೂ ಆಟ ಬೇಕಾ ಅದಕ್ಕೆ?

ನಿದ್ದೆ ಬೇಕು. ಎಳೆ ಮರಿಗಳು ದಿನಕ್ಕೆ 18 ಗಂಟೆಗೂ ಮೇಲೆ ಮಲಗುತ್ತವೆ. ಮನೆಯಲ್ಲಿ ಮಕ್ಕಳು, ಬಂದುಹೋಗುವವರು ಜಾಸ್ತಿ ಇದ್ದರೆ ಅಷ್ಟು ನಿದ್ದೆ ಸಿಗುವುದಿಲ್ಲ. ಸಂಜೆ ಹೊತ್ತಿಗೆ ಅವು ದಣಿದು ಹಟ ಹಿಡಿಯುತ್ತವೆ. ಒಂದು ಗಂಟೆ ಎಚ್ಚರವಿದ್ದ ಮರಿಯನ್ನು ಸದ್ದಿಲ್ಲದ ಜಾಗದಲ್ಲಿ, ಕಚ್ಚಲು ಏನಾದರೂ ಕೊಟ್ಟು ಮಲಗಲು ಬಿಡಿ.

## ದಿನನಿತ್ಯದ ಕಿರಿಕಿರಿ

ನಾವು ಊಟಕ್ಕೆ ಕೂತ್ರೆ ಸಾಕು, ಪಕ್ಕದಲ್ಲಿ ಕೂತು ಶುರು ಮಾಡುತ್ತೆ. ಗಮನ ಕೊಡಬೇಡಿ ಅಂದ್ರು, ಕೊಡಲಿಲ್ಲ, ಇನ್ನೂ ಜಾಸ್ತಿ ಆಯ್ತು.

ಜಾಸ್ತಿ ಆಗಲೇಬೇಕು. ಇಷ್ಟು ದಿನ ಕುಂಯ್ ಅಂದರೆ ತುತ್ತು ಬೀಳುತ್ತಿತ್ತು. ಇವತ್ತು ಬೀಳಲಿಲ್ಲ. "ಬಹುಶಃ ಕೇಳಿಸಲಿಲ್ಲ" ಎಂದು ನಾಯಿ ದನಿ ಏರಿಸುತ್ತದೆ, ಕಾಲು ಪರಚುತ್ತದೆ. ಹಳೆಯ ಅಭ್ಯಾಸ ಸಾಯುವ ಮುಂಚೆ ಹೀಗೆ ಒಮ್ಮೆ ಉರಿದೇಳುತ್ತದೆ. ಹೆಚ್ಚಿನ ಮನೆಗಳಲ್ಲಿ ಕೆಲಸ ಕೆಡುವುದು ಇಲ್ಲೇ. ಮೂರನೆಯ ದಿನ ಯಾರಿಗೋ ತಡೆಯಲಾಗದೆ ಒಂದು ಚೂರು ಎಸೆಯುತ್ತಾರೆ. ಜೋರಾಗಿ, ತುಂಬಾ ಹೊತ್ತು ಕೂಗಿದರೆ ಸಿಗುತ್ತದೆ ಎಂದು ನಾಯಿ ಕಲಿಯುತ್ತದೆ. ಯಾವಾಗಲೂ ಸಿಗುವುದಕ್ಕಿಂತ ಆಗೊಮ್ಮೆ ಈಗೊಮ್ಮೆ ಸಿಗುವುದೇ ಅಭ್ಯಾಸವನ್ನು ಹೆಚ್ಚು ಗಟ್ಟಿ ಮಾಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳ, ಇಲಿಗಳಲ್ಲಿ ಇದನ್ನು ಮತ್ತೆ ಮತ್ತೆ ತೋರಿಸಿದ್ದರು. ಮನೆಯಲ್ಲಿ ನಾಲ್ಕು ಜನ ಗಟ್ಟಿಯಾಗಿದ್ದು ಅಜ್ಜಿಯೊಬ್ಬರು ಕದ್ದು ಕೊಟ್ಟರೂ ಸಾಕು, ನಾಯಿ ಬಿಡುವುದಿಲ್ಲ.

ಬರೀ ಗಮನ ಕೊಡದಿರುವುದು ಅರ್ಧ ಕೆಲಸ. "ಇದು ಬೇಡ" ಎಂದ ಮೇಲೆ "ಏನು ಮಾಡಲಿ" ಎಂದೂ ಹೇಳಿಕೊಡಬೇಕು. ಊಟದ ಜಾಗದಿಂದ ಸ್ವಲ್ಪ ದೂರದಲ್ಲಿ ಒಂದು ಚಾಪೆ ಹಾಕಿ. ಊಟದ ಹೊತ್ತಲ್ಲದ ಹೊತ್ತಿನಲ್ಲಿ, ಅದು ಚಾಪೆಗೆ ಹೋದಾಗಲೆಲ್ಲ ಅಲ್ಲೇ ಒಂದು ಚೂರು ತಿಂಡಿ ಇಡಿ. ಕೈಯಿಂದ ಕೊಡಬೇಡಿ, ಚಾಪೆಯ ಮೇಲೆ ಇಡಿ. ಮಲಗಿದರೆ ಎರಡು ಚೂರು. ಚಾಪೆಗೆ ಓಡುವುದು ರೂಢಿಯಾದ ಮೇಲೆ ನೀವು ಊಟಕ್ಕೆ ಕೂರಿ, ಮಧ್ಯೆ ಮಧ್ಯೆ ಎದ್ದು ಚಾಪೆಯ ಮೇಲೆ ಇಟ್ಟು ಬನ್ನಿ. ಮೊದಲು ಹತ್ತು ಸೆಕೆಂಡಿಗೊಮ್ಮೆ, ಆಮೇಲೆ ಅರ್ಧ ನಿಮಿಷಕ್ಕೊಮ್ಮೆ, ಕೊನೆಗೆ ಊಟ ಮುಗಿದ ಮೇಲೆ ಒಮ್ಮೆ. ಶುರುವಿನಲ್ಲಿ ನಿಮ್ಮ ಊಟ ತಣ್ಣಗಾಗುತ್ತದೆ. ಆದರೂ ಮಾಡಿ, ಫಲ ಸಿಗುತ್ತದೆ.

ಒಂದ್ಸಲ ಜೋರಾಗಿ ಗದರಿದ್ರೆ ಸುಮ್ನಾಗುತ್ತೆ. ಅದ್ರಲ್ಲಿ ತಪ್ಪೇನು?

ಸುಮ್ಮನಾಗುತ್ತದೆ, ಸರಿ ಹೋಗುವುದಿಲ್ಲ. ಹೆದರಿ ಕುಂಯ್ ಅನ್ನುತ್ತಿದ್ದರೆ ಗದರುವುದರಿಂದ ಹೆದರಿಕೆ ಎರಡಾಗುತ್ತದೆ. ಒಂದಕ್ಕೆ ಹೋಗಬೇಕು ಎಂದು ಹೇಳುತ್ತಿದ್ದರೆ, ನಾಳೆಯಿಂದ ಹೇಳದೆ ಮೂಲೆಯಲ್ಲಿ ಮಾಡುತ್ತದೆ. ಗದರಿದ ಮೇಲೆ ಬಾಲ ಒಳಗೆ ಸೇರಿಸಿ ಇನ್ನಷ್ಟು ಕುಂಯ್‌ಗುಟ್ಟುವ ನಾಯಿಗಳೂ ಇವೆ. ಅದು ಹಟ ಅಲ್ಲ, "ನನ್ನ ಮೇಲೆ ಸಿಟ್ಟಾಗಬೇಡ" ಎಂಬ ಬೇಡಿಕೆ. ಅದಕ್ಕೆ ಮತ್ತೆ ಬೈದರೆ ಆ ನಾಯಿಗೆ ಉಳಿಯುವ ದಾರಿಯಾದರೂ ಯಾವುದು, ಹೇಳಿ.

ಗುಡುಗು, ಪಟಾಕಿಗೆ ಹೆದರಿ ಕುಂಯ್ ಅನ್ನುವಾಗ ಸಮಾಧಾನ ಮಾಡಿದ್ರೆ ಹೆದರಿಕೆ ಜಾಸ್ತಿ ಆಗಲ್ವಾ?

ಇಲ್ಲ. ಹೆದರಿಕೆ ಬೇಕೆಂದು ಮಾಡುವ ಕೆಲಸ ಅಲ್ಲ. ತಬ್ಬಿಕೊಂಡರೆ ಅದಕ್ಕೆ ಬಹುಮಾನ ಕೊಟ್ಟಂತೆ ಆಗುವುದಿಲ್ಲ. ಹತ್ತಿರ ಬಂದರೆ ಕೂರಿಸಿಕೊಳ್ಳಿ, ಮೆಲ್ಲಗೆ ಸವರಿ. ಮಂಚದ ಕೆಳಗೆ ಅಡಗಿದರೆ ಎಳೆಯಬೇಡಿ, ಅದು ತನಗೆ ತಾನೇ ಹುಡುಕಿಕೊಂಡ ಸುರಕ್ಷಿತ ಜಾಗ. ಕಿಟಕಿ ಮುಚ್ಚಿ, ಪರದೆ ಎಳೆಯಿರಿ, ಫ್ಯಾನು ಅಥವಾ ಹಾಡು ಹಾಕಿ. ಪ್ರತಿ ಸದ್ದಿನ ಹಿಂದೆಯೇ ತುಂಬಾ ಇಷ್ಟದ ತಿಂಡಿ ಒಂದು ಚೂರು ಕೊಡಿ. ತಿಂದರೆ ಒಳ್ಳೆಯದು. ತಿನ್ನಲೂ ಆಗದಷ್ಟು ಹೆದರಿದ್ದರೆ, ಮುಂದಿನ ಸಲಕ್ಕೆ ಔಷಧಿ ಬೇಕಾ ಎಂದು ಡಾಕ್ಟರ ಜೊತೆ ಮೊದಲೇ ಮಾತಾಡಿ.

ಬೇರೆ ನಾಯಿ ಕಂಡ್ರೆ ಚೈನು ಎಳೆದು ಕುಂಯ್‌ಗುಟ್ಟುತ್ತೆ. ಸ್ನೇಹ ಮಾಡೋಕಾ, ಜಗಳಕ್ಕಾ?

ಎರಡೂ ಇರಬಹುದು, ಎರಡೂ ಬೆರೆತಿರಬಹುದು. ದೂರವೇ ಇದಕ್ಕೆ ಮದ್ದು. ಎಷ್ಟು ದೂರದಲ್ಲಿದ್ದರೆ ನಿಮ್ಮ ನಾಯಿ ಇನ್ನೊಂದನ್ನು ನೋಡಿಯೂ ಸುಮ್ಮನಿರುತ್ತದೆ, ಅಷ್ಟು ದೂರದಲ್ಲಿ ನಿಲ್ಲಿ. ಅದು ನೋಡಿದ ಕ್ಷಣ ನಿಮ್ಮ ಕಡೆಯಿಂದ ತಿಂಡಿ ಬರಲಿ. ಕೆಲವು ದಿನದಲ್ಲಿ ಅದು ನಾಯಿ ಕಂಡ ಕೂಡಲೇ ನಿಮ್ಮ ಮುಖ ನೋಡಲು ಶುರು ಮಾಡುತ್ತದೆ. ಆಮೇಲೆ ಎರಡು ಹೆಜ್ಜೆ ಹತ್ತಿರ. ಮತ್ತೆ ಕುಂಯ್ ಬಂತಾ? ಅವಸರ ಆಯಿತು, ಹಿಂದೆ ಸರಿಯಿರಿ. ಸ್ನೇಹದ ಕುಂಯ್ ಅಂತ ಗೊತ್ತಿದ್ದರೂ ಚೈನು ಬಿಗಿಯಾಗಿ ಎಳೆಯುತ್ತಿರುವಾಗ ಹತ್ತಿರ ಬಿಡಬೇಡಿ. ಎಳೆದರೆ ಸಿಗುತ್ತದೆ ಎಂದು ಕಲಿಯುತ್ತದೆ.

ಕಾರು ಹತ್ತಿದ್ರೆ ಇಳಿಯೋವರೆಗೂ ನಿಲ್ಲಿಸೋದೇ ಇಲ್ಲ.

ಜೊಲ್ಲು ನೋಡಿ. ಜೊಲ್ಲು ಸುರಿಸಿ, ತುಟಿ ನೆಕ್ಕಿ, ಆಕಳಿಸುತ್ತಿದ್ದರೆ ಹೊಟ್ಟೆ ತೊಳಸುತ್ತಿದೆ. ಮರಿಗಳಲ್ಲಿ ಇದು ಜಾಸ್ತಿ. ಹೊರಡುವ ಕೆಲವು ಗಂಟೆ ಮುಂಚೆ ಊಟ ಕೊಡಬೇಡಿ, ಕಿಟಕಿ ಸ್ವಲ್ಪ ಇಳಿಸಿ. ಮರೋಪಿಟಂಟ್ ಎಂಬ ಮಾತ್ರೆ ವಾಂತಿ ತಡೆಯುತ್ತದೆ, ಡಾಕ್ಟರ್ ಬರೆದುಕೊಡಬೇಕು. ಜೊಲ್ಲಿಲ್ಲದೆ ಕಿಟಕಿಯಿಂದ ಕಿಟಕಿಗೆ ಜಿಗಿಯುತ್ತಾ ಕುಂಯ್ ಅನ್ನುತ್ತಿದ್ದರೆ ಅದು ಕಾತರ. ಕಾರು ಹತ್ತಿದಾಗಲೆಲ್ಲ ಆಟದ ಮೈದಾನವೋ ಇಂಜೆಕ್ಷನ್ನೋ ಸಿಗುತ್ತಿದ್ದರೆ ಹಾಗಾಗುತ್ತದೆ. ಸುಮ್ನೆ ಒಂದು ಸುತ್ತು ಹಾಕಿ ಮನೆಗೇ ವಾಪಸ್ ಬನ್ನಿ. ಹೀಗೆ ಹಲವು ಸಲ ಮಾಡಿ. ಕಾರಲ್ಲಿ ಏನೂ ವಿಶೇಷವಿಲ್ಲ ಎಂದು ಅದಕ್ಕೆ ಗೊತ್ತಾಗಲಿ.

ಬಾಯಲ್ಲಿ ಮೂಳೆ ಇಟ್ಕೊಂಡು ಮನೆಯೆಲ್ಲ ಕುಂಯ್‌ಗುಟ್ಟುತ್ತಾ ಓಡಾಡುತ್ತೆ. ತಿನ್ನೋಕೆ ಗೊತ್ತಾಗ್ತಿಲ್ವಾ?

ಹೂತಿಡಲು ಜಾಗ ಹುಡುಕುತ್ತಿದೆ. ಟೈಲ್ಸ್ ನೆಲದಲ್ಲಿ ಎಲ್ಲಿ ತೋಡಬೇಕು ಪಾಪ. ಹಳೆಯ ಬೆಡ್‌ಶೀಟೊಂದನ್ನು ಮುದ್ದೆ ಮಾಡಿ ಹಾಕಿ. ಮೂತಿಯಿಂದ ಬಟ್ಟೆ ತಳ್ಳಿ ತಳ್ಳಿ ಮುಚ್ಚಿಟ್ಟು ನೆಮ್ಮದಿಯಿಂದ ಬರುತ್ತದೆ. ಪದೇ ಪದೇ ಹೀಗಾದರೆ ಅಷ್ಟು ದೊಡ್ಡದನ್ನು ಕೊಡಬೇಡಿ.

## ನೋವು ಮತ್ತು ಕಾಯಿಲೆ

ನೋವಿಂದ ಕುಂಯ್ ಅಂತಿದೆಯಾ ಅಂತ ಹೇಗೆ ತಿಳಿಯೋದು? ಯಾವಾಗ ಡಾಕ್ಟರ ಹತ್ತಿರ ಓಡಬೇಕು?

ದನಿಯನ್ನೇ ಕಾಯಬೇಡಿ. ಎಷ್ಟೋ ನಾಯಿಗಳು ನೋವನ್ನು ಸದ್ದಿಲ್ಲದೆ ನುಂಗಿಕೊಳ್ಳುತ್ತವೆ. ಮೊದಲು ಕಾಣುವುದು ಅಭ್ಯಾಸದ ಬದಲಾವಣೆ. ಸೋಫಾ ಹತ್ತುವ ಮುಂಚೆ ಒಂದು ಕ್ಷಣ ನಿಂತು ಯೋಚಿಸುತ್ತದೆ. ಮೆಟ್ಟಿಲು ಇಳಿಯುವಾಗ ಎರಡು ಹಿಂಗಾಲನ್ನೂ ಒಟ್ಟಿಗೆ ಇಡುತ್ತದೆ. ಒಂದೇ ಪಕ್ಕದ ಹಲ್ಲಲ್ಲಿ ಅಗಿಯುತ್ತದೆ. ಒಂದೇ ಜಾಗವನ್ನು ನೆಕ್ಕಿ ನೆಕ್ಕಿ ಕೂದಲು ಕೆಂಪಾಗಿಸುತ್ತದೆ. ಇಂಥದರ ಜೊತೆ ಹೊಸದಾಗಿ ಕುಂಯ್ ಸೇರಿದರೆ ಒಂದೆರಡು ದಿನದಲ್ಲಿ ತೋರಿಸಿ.

ಒಂದು ಗಂಟೆಯೂ ಕಾಯಬಾರದ ಸಂದರ್ಭಗಳಿವೆ. ಹೊಟ್ಟೆ ಉಬ್ಬಿ, ವಾಂತಿ ಬಂದ ಹಾಗೆ ಮಾಡಿದರೂ ಏನೂ ಬಾರದೆ, ಕೂರಲಾಗದೆ ಕುಂಯ್‌ಗುಟ್ಟುತ್ತಾ ಸುತ್ತುತ್ತಿದ್ದರೆ ಹೊಟ್ಟೆ ತಿರುಚಿಕೊಂಡಿರಬಹುದು. ಎದೆ ಆಳವಾಗಿರುವ ದೊಡ್ಡ ತಳಿಗಳಲ್ಲಿ ಇದು ಹೆಚ್ಚು, ತಡವಾದರೆ ಜೀವ ಉಳಿಯುವುದಿಲ್ಲ. ಕಾಲೆತ್ತಿ ಎಷ್ಟು ತಿಣುಕಿದರೂ ಮೂತ್ರದ ಹನಿ ಬಾರದಿದ್ದರೆ ದಾರಿ ಕಟ್ಟಿಕೊಂಡಿರಬಹುದು. ಹಿಂಗಾಲು ಎಳೆಯುತ್ತಿದ್ದರೆ, ಎತ್ತಿಕೊಂಡ ಕೂಡಲೇ ಕಿರುಚಿದರೆ ಬೆನ್ನುಹುರಿಗೆ ಏಟಾಗಿರಬಹುದು. ಒಸಡು ಬಿಳಿಚಿದ್ದರೆ ಅಥವಾ ನೀಲಿಯಾಗಿದ್ದರೆ ಕಾರಣ ಹುಡುಕುತ್ತಾ ಕೂರಬೇಡಿ, ಹೊರಡಿ. ನಾಯಿಯ ಮೈ ಬಿಸಿ ನಮಗಿಂತ ಹೆಚ್ಚು, ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಕೈಗೆ ಬೆಚ್ಚಗೆ ಹತ್ತಿತು ಎಂದು ಜ್ವರ ಅಂದುಕೊಳ್ಳಬೇಡಿ, ಥರ್ಮಾಮೀಟರ್ ಇಡಿ.

ಇನ್ನೊಂದು ಮಾತು. ರೇಬೀಸ್ ಲಸಿಕೆ ಹಾಕಿಸಿರದ ನಾಯಿಯ ದನಿಯೇ ಬದಲಾಗಿ, ಜೊಲ್ಲು ಸುರಿದು, ನುಂಗಲು ಕಷ್ಟಪಡುತ್ತಿದ್ದರೆ ಬಾಯೊಳಗೆ ಕೈ ಹಾಕಿ ನೋಡಬೇಡಿ. ಒಂದು ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಿ ಡಾಕ್ಟರಿಗೆ ಫೋನ್ ಮಾಡಿ. ಕಚ್ಚಿದ್ದರೆ, ಗಾಯಕ್ಕೆ ಜೊಲ್ಲು ತಾಗಿದ್ದರೆ ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ.

ಮನೇಲಿರೋ ನೋವಿನ ಮಾತ್ರೆ ಅರ್ಧ ಕೊಡಬಹುದಾ?

ಕೊಡಬಾರದು. ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಪ್ಯಾರಾಸಿಟಮಾಲ್ ಯಾವುದೂ ಬೇಡ. ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡ, ಪಿತ್ತಜನಕಾಂಗಕ್ಕೆ ಹಾನಿ ಆಗುತ್ತದೆ. ನಾಯಿಗೆಂದೇ ಬೇರೆ ನೋವಿನ ಔಷಧಿಗಳಿವೆ.

ಆಪರೇಷನ್ ಆಗಿ ಮನೆಗೆ ಬಂದ ರಾತ್ರಿ ಪೂರ್ತಿ ಕುಂಯ್‌ಗುಟ್ತು. ನೋವು ಜಾಸ್ತಿ ಇತ್ತಾ?

ಇರಬಹುದು. ಅರಿವಳಿಕೆ ಮತ್ತು ಬಲವಾದ ನೋವಿನ ಔಷಧಿಯ ಮಂಪರಿನಿಂದಲೂ ಮೊದಲ ರಾತ್ರಿ ಹೀಗೆ ಆಗುತ್ತದೆ. ನಿಮ್ಮನ್ನೇ ನೋಡುತ್ತಿದ್ದರೂ ಗುರುತಿಲ್ಲದ ಹಾಗೆ ಇರುತ್ತದೆ. ಮರುದಿನಕ್ಕೆ ಕಡಿಮೆಯಾಗಬೇಕು. ಎರಡರಲ್ಲಿ ಯಾವುದು ಎಂದು ಮನೆಯಲ್ಲಿ ನಿರ್ಧರಿಸುವುದು ಕಷ್ಟ, ಹಾಗಾಗಿ ಆಸ್ಪತ್ರೆಗೆ ಫೋನ್ ಮಾಡಲು ಸಂಕೋಚ ಬೇಡ.

ಅಲರ್ಜಿಗೆ ಮಾತ್ರೆ ಶುರು ಮಾಡಿದ ಮೇಲೆ ಕುಂಯ್ ಅನ್ನೋದು ಜಾಸ್ತಿ ಆಗಿದೆ. ಸಂಬಂಧ ಇದೆಯಾ?

ಪ್ರೆಡ್ನಿಸೋಲೋನ್‌ನಂಥ ಸ್ಟಿರಾಯ್ಡ್ ಆಗಿದ್ದರೆ ಇರಬಹುದು. ಹಸಿವು, ಬಾಯಾರಿಕೆ, ಮೂತ್ರ ಮೂರೂ ಜಾಸ್ತಿಯಾಗುತ್ತವೆ. ನೀರು ಸದಾ ಇರಲಿ, ಹೊರಗೆ ಹೆಚ್ಚು ಸಲ ಕರೆದೊಯ್ಯಿರಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಅದನ್ನು ಹಂತ ಹಂತವಾಗಿ ಇಳಿಸಬೇಕು.

ಹೆಣ್ಣುನಾಯಿ ಗೊಂಬೆಗಳನ್ನೆಲ್ಲ ಹಾಸಿಗೆಗೆ ಹೊತ್ಕೊಂಡು ಹೋಗಿ ಕಾವಲು ಕೂತು ಕುಂಯ್ ಅನ್ನುತ್ತೆ.

ಬೆದೆ ಮುಗಿದು ಒಂದೂವರೆ ಎರಡು ತಿಂಗಳಾಯಿತಾ ಲೆಕ್ಕ ಹಾಕಿ. ಸಂತಾನಹರಣ ಮಾಡಿಸಿರದ ಹೆಣ್ಣುನಾಯಿಗಳಲ್ಲಿ ಗರ್ಭ ನಿಲ್ಲದಿದ್ದರೂ ದೇಹ ಮರಿ ಹಾಕಿದ ಹಾಗೇ ನಡೆದುಕೊಳ್ಳುತ್ತದೆ. ಮೊಲೆಯಲ್ಲಿ ಹಾಲೂ ಬರಬಹುದು. ಹಿಂಡಬೇಡಿ, ಇನ್ನೂ ಬರುತ್ತದೆ. ಗೊಂಬೆಗಳನ್ನು ಕಣ್ಣ ಮುಂದೆಯೇ ಕಿತ್ತುಕೊಂಡರೆ ಕಚ್ಚಬಹುದು. ಅದು ಹೊರಗೆ ಹೋದಾಗ ತೆಗೆದಿಡಿ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಇಳಿಯುತ್ತದೆ. ಮೊಲೆ ಗಟ್ಟಿಯಾಗಿ ಕೆಂಪಾಗಿದ್ದರೆ ಡಾಕ್ಟರಿಗೆ ತೋರಿಸಿ. ಗಂಡುನಾಯಿ ಊಟ ಬಿಟ್ಟು ಗೇಟಿನ ಹತ್ತಿರ ಕುಂಯ್‌ಗುಟ್ಟುತ್ತಿದ್ದರೆ ಅಕ್ಕಪಕ್ಕದಲ್ಲಿ ಬೆದೆಗೆ ಬಂದ ಹೆಣ್ಣಿರಬಹುದು.

## ಸುಲಭಕ್ಕೆ ಬಗ್ಗದ ಸಮಸ್ಯೆಗಳು

ನಾವು ಹೊರಗೆ ಹೋದ್ರೆ ಬರೋವರೆಗೂ ಕುಂಯ್‌ಗುಟ್ಟುತ್ತಂತೆ, ಪಕ್ಕದ ಮನೆಯವರು ಹೇಳ್ತಾರೆ. ಏನು ಮಾಡೋದು?

ಮೊದಲು ವಿಡಿಯೊ. ಹಳೆಯ ಫೋನೊಂದನ್ನು ಬಾಗಿಲಿಗೆ ಎದುರಾಗಿ ಇಟ್ಟು ಹೋಗಿ. ಬೇಜಾರಿನ ನಾಯಿ ಸ್ವಲ್ಪ ಹೊತ್ತು ಮಲಗಿ, ಆಮೇಲೆ ಚಪ್ಪಲಿ ಕಡಿದು, ಮಧ್ಯೆ ಮಧ್ಯೆ ಕುಂಯ್ ಅನ್ನುತ್ತದೆ. ಒಂಟಿತನಕ್ಕೆ ಹೆದರುವ ನಾಯಿಯ ವಿಡಿಯೊ ಬೇರೆಯೇ. ಬಾಗಿಲು ಮುಚ್ಚಿದೊಡನೆ ಅದು ಬಾಗಿಲಿಗೆ ಮುಖ ಮಾಡಿ ನಿಲ್ಲುತ್ತದೆ. ನಿಮ್ಮ ಹೆಜ್ಜೆಯ ಸದ್ದು ಇಳಿದುಹೋಗುವ ಕಡೆಗೆ ಕಿವಿ ತಿರುಗುತ್ತದೆ. ನಾಲಿಗೆ ಒಮ್ಮೆ ಮೂಗು ಸವರುತ್ತದೆ. ಒಂದು ಮುಂಗಾಲು ಎತ್ತಿ ಹಾಗೇ ಹಿಡಿಯುತ್ತದೆ. ಆಮೇಲೆ ಬಾಯಿ ಮುಚ್ಚಿಕೊಂಡೇ ಒಂದು ಸಣ್ಣ ಕುಂಯ್. ಇಟ್ಟುಹೋದ ತಿಂಡಿಯ ಕಡೆ ತಿರುಗಿಯೂ ನೋಡುವುದಿಲ್ಲ. ಇನ್ನು ಕೆಲವೇ ನಿಮಿಷದಲ್ಲಿ ತೇಕುವುದು, ಜೊಲ್ಲು, ಬಾಗಿಲು ಪರಚುವುದು, ಊಳಿಡುವುದು. ನೀವು ಬಂದ ಕೂಡಲೇ ಆ ತಿಂಡಿಯನ್ನು ಗಬಗಬ ತಿನ್ನುತ್ತದೆ.

ಇದು ದಿಗಿಲು. ಸೇಡಲ್ಲ, ಹಟವೂ ಅಲ್ಲ. ಚಿಕಿತ್ಸೆ ನಿಧಾನದ್ದು, ಆದರೆ ಫಲ ಕೊಡುತ್ತದೆ. ವಿಡಿಯೊದಲ್ಲಿ ಆ ಮುಂಗಾಲು ಎಷ್ಟನೆಯ ಸೆಕೆಂಡಿಗೆ ಮೇಲೆದ್ದಿತು ನೋಡಿ. ನಿಮ್ಮ ಅಭ್ಯಾಸ ಅದಕ್ಕಿಂತ ಕಡಿಮೆ ಹೊತ್ತಿನಿಂದ ಶುರುವಾಗಬೇಕು. ಇಪ್ಪತ್ತು ಸೆಕೆಂಡಿಗೆ ಎದ್ದಿದ್ದರೆ ಹತ್ತು ಸೆಕೆಂಡು ಹೊರಗೆ ನಿಂತು ಒಳಗೆ ಬನ್ನಿ, ಏನೂ ಆಗಿಲ್ಲವೆಂಬಂತೆ. ಮತ್ತೆ ಹತ್ತು, ಹದಿನೈದು, ಎಂಟು, ಇಪ್ಪತ್ತು. ಪ್ರತಿ ಸಲ ಏರಿಸಬೇಡಿ, ಏರಿಳಿತ ಇರಲಿ. ಬೀಗದ ಕೈ ಎತ್ತಿಕೊಳ್ಳುವುದಕ್ಕೇ ಕುಂಯ್ ಶುರುವಾಗುತ್ತಿದ್ದರೆ, ದಿನಕ್ಕೆ ಹಲವು ಸಲ ಅದನ್ನು ಕೈಗೆತ್ತಿಕೊಂಡು ಎಲ್ಲಿಗೂ ಹೋಗದೆ ಕೂತುಬಿಡಿ.

ಕಷ್ಟವಾದ ನಿಯಮ ಒಂದಿದೆ. ಕಲಿಸುವ ದಿನಗಳಲ್ಲಿ ಅದು ತಾಳುವುದಕ್ಕಿಂತ ಹೆಚ್ಚು ಹೊತ್ತು ಒಂಟಿ ಬಿಡಬಾರದು. ಬೆಳಿಗ್ಗೆ ಇಪ್ಪತ್ತು ಸೆಕೆಂಡು ಕಲಿಸಿ, ಆಮೇಲೆ ಎಂಟು ಗಂಟೆ ಬಿಟ್ಟು ಹೋದರೆ ಕಲಿಸಿದ್ದೆಲ್ಲ ಕೊಚ್ಚಿಹೋಗುತ್ತದೆ. ನೆಂಟರು, ನೆರೆಯವರು, ನಾಯಿ ನೋಡಿಕೊಳ್ಳುವವರು, ಮನೆಯಿಂದಲೇ ಕೆಲಸ, ಹೇಗಾದರೂ ಹೊಂದಿಸಿಕೊಳ್ಳಿ. ದೂರು ಹೇಳಿದ ನೆರೆಯವರಿಗೂ ಏನು ಮಾಡುತ್ತಿದ್ದೀರಿ ಎಂದು ಹೇಳಿ. ಕಾರಣ ಗೊತ್ತಾದಾಗ ಜನ ಸಹಿಸಿಕೊಳ್ಳುತ್ತಾರೆ, ಒಬ್ಬಿಬ್ಬರು ಬಂದು ಕೂರಲೂ ಒಪ್ಪುತ್ತಾರೆ.

ಜೊತೆಗೆ ಇನ್ನೊಂದು ನಾಯಿ ತಂದ್ರೆ ಸರಿ ಹೋಗುತ್ತಾ?

ಬೇಜಾರಾದರೆ ಹೋಗಬಹುದು. ಮನುಷ್ಯರಿಲ್ಲ ಎಂಬ ದಿಗಿಲಾದರೆ ಸಾಮಾನ್ಯವಾಗಿ ಹೋಗುವುದಿಲ್ಲ. ಎರಡನೆಯದು ಬೇಕೆಂದಿದ್ದರೆ ಮಾತ್ರ ತನ್ನಿ, ಮದ್ದಾಗಿ ತರಬೇಡಿ.

ಹದಿಮೂರು ವರ್ಷದ ನಾಯಿ ರಾತ್ರಿಯಿಡೀ ಕುಂಯ್‌ಗುಟ್ಟುತ್ತಾ ಓಡಾಡುತ್ತೆ, ಹಗಲು ಮಲಗಿರುತ್ತೆ. ವಯಸ್ಸಾಯ್ತು ಅಂತ ಬಿಡೋದಾ?

ಬಿಡಬೇಡಿ. ಮುಪ್ಪಿನಲ್ಲಿ ಮರೆವಿನ ಕಾಯಿಲೆ ನಾಯಿಗಳಿಗೂ ಬರುತ್ತದೆ. ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 11–12 ವರ್ಷದ ನಾಯಿಗಳಲ್ಲಿ ಶೇ. 28ರಷ್ಟು, 15–16 ವರ್ಷದವುಗಳಲ್ಲಿ ಶೇ. 68ರಷ್ಟು ಇದರ ಒಂದಾದರೂ ಲಕ್ಷಣ ತೋರಿಸಿದ್ದವು. ಬಾಗಿಲಿನ ಹತ್ತಿರ ಗಮನಿಸಿ. ವರ್ಷಗಟ್ಟಲೆ ಆ ಬಾಗಿಲಲ್ಲಿ ಓಡಾಡಿದ ನಾಯಿ, ಈಗ ತೆರೆಯುವ ಕಡೆ ಬಿಟ್ಟು ಕೀಲಿರುವ ಕಡೆ ಮೂಗು ತೂರಿಸಿ ಕಾಯುತ್ತಾ ನಿಲ್ಲುತ್ತದೆ. ಕುರ್ಚಿಯ ಹಿಂದೆ ಹೋಗಿ ಹಿಂದಕ್ಕೆ ಬರಲು ತಿಳಿಯದೆ ಕುಂಯ್ ಅನ್ನುತ್ತದೆ. ಇದನ್ನು ನೋಡುವುದು ಸಂಕಟ.

ಆದರೆ ಮರೆವು ಎಂದು ತೀರ್ಮಾನಿಸುವ ಮುಂಚೆ ಸಂಧಿವಾತ, ಹಲ್ಲು ನೋವು, ಕಣ್ಣು ಕಿವಿ ಮಂದವಾಗಿರುವುದು, ರಕ್ತದೊತ್ತಡ, ಮೂತ್ರಪಿಂಡ ಎಲ್ಲವನ್ನೂ ನೋಡಬೇಕು. ಇವುಗಳಲ್ಲಿ ಹಲವಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಮರೆವಿಗೂ ಸೆಲೆಜಿಲಿನ್ ಎಂಬ ಔಷಧಿಯಿದೆ. ಕೆಲವಕ್ಕೆ ಅದರಿಂದ ಎದ್ದು ಕಾಣುವಷ್ಟು ಗುಣ ಬರುತ್ತದೆ. ಮನೆಯಲ್ಲಿ ಸಣ್ಣ ದೀಪ ಉರಿಯಲಿ. ಜಾರುವ ನೆಲಕ್ಕೆ ಚಾಪೆ ಹಾಸಿ. ಪೀಠೋಪಕರಣದ ಜಾಗ ಬದಲಿಸಬೇಡಿ. ಹಗಲು ಬಿಸಿಲಲ್ಲಿ ಮೆಲ್ಲಗೆ ನಡೆಸಿ, ರಾತ್ರಿ ಮಲಗುವ ಮುಂಚೆ ಒಂದಕ್ಕೆ ಕರೆದೊಯ್ಯಿರಿ. ನಿಮ್ಮ ಪಕ್ಕ ಮಲಗಿಸಿಕೊಂಡರೆ ಅರ್ಧ ಕುಂಯ್ ಅಲ್ಲೇ ನಿಲ್ಲುತ್ತದೆ.

ದಿಗಿಲಿಗೆ ಮಾತ್ರೆ ಕೊಟ್ರೆ ನಾಯಿ ಮಂಕಾಗಿಬಿಡುತ್ತಾ?

ಸರಿಯಾದ ಔಷಧಿ, ಸರಿಯಾದ ಪ್ರಮಾಣ ಆದರೆ ಆಗಬಾರದು. ಕ್ಲೋಮಿಪ್ರಮಿನ್‌ಗೆ 1990ರ ದಶಕದ ಕೊನೆಯಲ್ಲಿ, ಫ್ಲುಓಕ್ಸೆಟಿನ್‌ಗೆ 2007ರಲ್ಲಿ ಅಮೆರಿಕದಲ್ಲಿ ನಾಯಿಗಳ ಒಂಟಿತನದ ದಿಗಿಲಿಗೆಂದೇ ಒಪ್ಪಿಗೆ ಸಿಕ್ಕಿದೆ. ಪೂರ್ತಿ ಕೆಲಸ ಮಾಡಲು ಕೆಲವು ವಾರ ಬೇಕು. ಹತ್ತೇ ದಿನಕ್ಕೆ "ಏನೂ ಆಗಲಿಲ್ಲ" ಎಂದು ನಿಲ್ಲಿಸುವವರು ಜಾಸ್ತಿ. ಮಾತ್ರೆ ಒಂದೇ ಸಾಲದು. ಕಲಿಸಿದ್ದು ತಲೆಗೆ ಹತ್ತುವಷ್ಟು ದಿಗಿಲನ್ನು ಅದು ಇಳಿಸುತ್ತದೆ, ಕಲಿಸುವ ಕೆಲಸ ನಿಮ್ಮದೇ. ಏಸ್‌ಪ್ರೊಮಜಿನ್ ಎಂಬ ಮಂಪರಿನ ಔಷಧಿ ಒಂದನ್ನೇ ಕೊಟ್ಟು ಮಲಗಿಸುವುದು ಬೇರೆ ವಿಷಯ. ಮೈ ಏಳುವುದಿಲ್ಲ, ಭಯ ಒಳಗೇ ಉಳಿಯುತ್ತದೆ. ಹಾಗೆ ಬರೆದುಕೊಟ್ಟರೆ ಕಾರಣ ಕೇಳಿ.

ಬೊಗಳಿದ್ರೆ, ಕುಂಯ್ ಅಂದ್ರೆ ಶಾಕ್ ಕೊಡೋ ಬೆಲ್ಟ್ ಸಿಗುತ್ತಲ್ಲ, ಅದನ್ನ ಹಾಕಿದ್ರೆ?

ದಯವಿಟ್ಟು ಹಾಕಬೇಡಿ. ಹೆದರಿದ ನಾಯಿ ಹೆದರಿಕೆ ಹೇಳಿಕೊಂಡಿದ್ದಕ್ಕೆ ನೋವು ಕೊಡುವ ಯಂತ್ರ ಅದು. ಆ ಕ್ಷಣದಲ್ಲಿ ಎದುರಿಗಿದ್ದ ಮಗುವನ್ನೋ ಇನ್ನೊಂದು ನಾಯಿಯನ್ನೋ ಆ ನೋವಿಗೆ ಕಾರಣ ಎಂದುಕೊಂಡು ಮುಂದೆ ಕಚ್ಚಲೂ ಹೋಗಬಹುದು. ಬ್ರಿಟನ್ನಿನ ವೇಲ್ಸ್‌ನಲ್ಲಿ 2010ರಿಂದಲೇ ಇಂಥ ಬೆಲ್ಟ್ ಬಳಸುವುದು ಕಾನೂನಿಗೆ ವಿರುದ್ಧ. ಅಮೆರಿಕದ ಪ್ರಾಣಿ ನಡವಳಿಕೆ ಪಶುವೈದ್ಯರ ಸಂಘ 2021ರಲ್ಲಿ ಹೊರಡಿಸಿದ ಹೇಳಿಕೆಯೂ ಬಹುಮಾನ ಕೊಟ್ಟು ಕಲಿಸುವ ದಾರಿಯನ್ನೇ ಹೇಳುತ್ತದೆ.

ಟ್ರೇನರ್ ಹತ್ತಿರ ಹೋಗೋಣ ಅಂತಿದ್ದೀವಿ. ಒಳ್ಳೆಯವರು ಅಂತ ಹೇಗೆ ಗೊತ್ತಾಗುತ್ತೆ?

ಡಾಕ್ಟರ ತಪಾಸಣೆ ಮುಗಿಸಿಕೊಂಡೇ ಹೋಗಿ. ಒಳ್ಳೆಯ ಟ್ರೇನರ್ ಮೊದಲು ಅದನ್ನೇ ಕೇಳುತ್ತಾರೆ. ಆಮೇಲೆ ನೀವು ಎರಡು ಪ್ರಶ್ನೆ ಕೇಳಿ. ನಾಯಿ ಸರಿ ಮಾಡಿದಾಗ ಏನಾಗುತ್ತದೆ? ತಪ್ಪು ಮಾಡಿದಾಗ ಏನಾಗುತ್ತದೆ? ಉತ್ತರ ನೇರವಾಗಿರಬೇಕು. "ಯಜಮಾನ ಯಾರು ಅಂತ ತೋರಿಸಬೇಕು", "ಒಂದೇ ವಾರದಲ್ಲಿ ಗ್ಯಾರಂಟಿ" ಎಂದರೆ ಎದ್ದು ಬನ್ನಿ. ನೀವು ಬರೆದಿಟ್ಟ ಚೀಟಿ, ತೆಗೆದ ವಿಡಿಯೊ ಎಲ್ಲ ತೋರಿಸಿ. ಅದನ್ನು ನೋಡದೆಯೇ ಪರಿಹಾರ ಹೇಳುವವರೂ ಬೇಡ. ನಾಯಿಯನ್ನು ಅವರ ಹತ್ತಿರ ಬಿಟ್ಟು ಹೋಗಲು ಹೇಳಿದರೆ ಒಪ್ಪಬೇಡಿ. ಪಾಠ ನಡೆಯುವಾಗ ನೀವೂ ಅಲ್ಲೇ ಇರಬೇಕು, ಯಾಕೆಂದರೆ ನಾಳೆ ಬೆಳಿಗ್ಗೆ ಅದು ಕುಂಯ್ ಅನ್ನುವುದು ನಿಮ್ಮ ಮುಖ ನೋಡಿಯೇ.